ದುಂಬಿನೊಣಕ್ಕೆ ಹೊಸ ಕುಲ ಕಟ್ಟುವವರಿಗೆ

ಮೊದಲು ಹೆಸರಿನ ತಕರಾರು ಮುಗಿಸಿಬಿಡೋಣ. ಇಂಗ್ಲಿಷಿನಲ್ಲಿ ‘ಬೀ ಫ್ಲೈ’ ಎನ್ನುವ ಈ ನೊಣದ ಹೆಸರನ್ನು ಪದಕ್ಕೆ ಪದ ಇಟ್ಟು ಕನ್ನಡಿಸಿದರೆ ‘ಜೇನುನೊಣ’ ಆಗುತ್ತದೆ. ನಮ್ಮಲ್ಲಿ ಜೇನುನೊಣ ಅಂದರೆ ಜೇನುಹುಳವೇ. ಹಾಗಾಗಿ ನಾನು ಇದನ್ನು ದುಂಬಿನೊಣ ಅಂತಲೇ ಕರೆಯುತ್ತ ಬಂದಿದ್ದೇನೆ. ಬಾಂಬಿಲಿಯಿಡೆ ಎಂಬ ಕುಟುಂಬದ ಹೆಸರಿಗೆ ಮೂಲವಾದ ಗ್ರೀಕ್ ಪದಕ್ಕೂ ಗುಂಯ್‌ಗುಡುವ ದುಂಬಿ ಎಂದೇ ಅರ್ಥ; ತೀರಾ ಮನಸೋ ಇಚ್ಛೆ ಇಟ್ಟ ಹೆಸರೇನಲ್ಲ. ಇನ್ನು ಸ್ಪೀಶೀಸ್‌ಗೆ ಪ್ರಭೇದ, ಹತ್ತಿರದ ಪ್ರಭೇದಗಳನ್ನು ಸೇರಿಸಿದ ಗುಂಪಾದ ಜೀನಸ್‌ಗೆ ಕುಲ ಎಂದಿಟ್ಟುಕೊಳ್ಳೋಣ.

ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಹೊಲದ ಬದುವಿನಲ್ಲಿ, ಕಾಲುದಾರಿಯ ಮರಳಿನ ಮೇಲೆ ಇವು ಸಿಗುತ್ತವೆ. ದಾರ ಕಟ್ಟಿ ನೇತುಹಾಕಿದಂತೆ ಗಾಳಿಯಲ್ಲಿ ಒಂದೇ ಕಡೆ ನಿಂತಿರುತ್ತದೆ. ನಿಮ್ಮ ನೆರಳು ಬಿತ್ತೋ, ಮಾಯ. ಮರುಕ್ಷಣ ಒಂದು ಮೊಳ ಆಚೆ ಮತ್ತೆ ಹಾಜರು. ಹೆಣ್ಣುನೊಣ ನೆಲಕ್ಕಿಳಿದು ಹೊಟ್ಟೆಯ ತುದಿಯನ್ನು ಪುಡಿಮಣ್ಣಿಗೆ ಒತ್ತಿ ಗಡಗಡ ಅಲುಗಿಸುತ್ತಿದ್ದರೆ, ಅಲ್ಲಿರುವ ಚೀಲದಂಥ ಗೂಡಿಗೆ ಮರಳು ತುಂಬಿಕೊಳ್ಳುತ್ತಿದೆ ಎಂದು ತಿಳಿಯಿರಿ. ಮೊಟ್ಟೆಗೆ ಆ ಮರಳನ್ನು ಮೆತ್ತಿ, ಒಂಟಿಜೇನಿನ ಬಿಲದ ಬಾಯಿಗೆ ಹಾರುತ್ತಲೇ ಚಿಮ್ಮಿಸುತ್ತದೆ. ಹುಟ್ಟಿದ ಮರಿ ಆ ಮನೆಯ ಮರಿಯನ್ನು ತಿಂದು ಬೆಳೆಯುತ್ತದೆ. ಎಲ್ಲ ದುಂಬಿನೊಣಗಳಿಗೂ ಈ ಮರಳುಚೀಲ ಇಲ್ಲ. ಇದೆಯೋ ಇಲ್ಲವೋ ಎಂಬುದೇ ಕುಟುಂಬದ ದೊಡ್ಡ ಕವಲುಗಳನ್ನು ಗುರುತಿಸುವ ಲಕ್ಷಣಗಳಲ್ಲೊಂದು.

ಪ್ರಪಂಚದಲ್ಲಿ ಹೆಸರು ಪಡೆದ ದುಂಬಿನೊಣಗಳು 4,500ಕ್ಕೂ ಹೆಚ್ಚು, ಅವುಗಳ ಕುಲಗಳು 200ಕ್ಕೂ ಮೀರಿ. ಇಷ್ಟಿರುವಾಗ ಇನ್ನೊಂದು ಯಾಕೆ? ಈ ಪ್ರಶ್ನೆಯನ್ನು ಕೊನೆಯ ತನಕ ಕೈಬಿಡಬೇಡಿ. ಈ ಕೆಲಸದ ಮುಕ್ಕಾಲು ಪಾಲು, ಹೊಸ ಕುಲ ಬೇಡ ಎಂದು ಸಾಧಿಸಲು ಹೆಣಗುವುದೇ. ಅದರಲ್ಲಿ ಸೋತರೆ ಮಾತ್ರ ಹೆಸರಿಡುವ ಮಾತು.

1. ನೊಣ ಹಿಡಿಯಿರಿ, ತುಪ್ಪಟ ಉಳಿಸಿ

ದುಂಬಿನೊಣದ ಅರ್ಧ ಗುರುತು ಅದರ ಕೂದಲು ಮತ್ತು ಹುರುಪೆಯಲ್ಲಿದೆ. ಬಲೆಯೊಳಗೆ ಎರಡು ಸಲ ಬಡಿದುಕೊಂಡರೂ ಬೆನ್ನು ಬೋಳಾಗುತ್ತದೆ. ಬಲೆಗೆ ಬಿದ್ದೊಡನೆ ಒಂದೊಂದನ್ನೂ ಬೇರೆ ಬೇರೆ ಸೀಸೆಗೆ ಹಾಕಿ. ಹತ್ತು ನೊಣಗಳನ್ನು ಒಂದೇ ಸೀಸೆಯಲ್ಲಿ ತುಂಬಿದರೆ ಸಂಜೆಗೆ ಹತ್ತು ಬೋಳುನೊಣ ಮತ್ತು ಒಂದು ಚಿಟಿಕೆ ಹುರುಪೆ ಉಳಿಯುತ್ತದೆ. ಗುಡಾರದಂತೆ ಕಟ್ಟಿಡುವ ಮಲೇಸ್ ಬಲೆಯಲ್ಲಿ ಆಲ್ಕೋಹಾಲಿಗೆ ಬಿದ್ದವು ಡಿಎನ್‌ಎಗೆ ಒಳ್ಳೆಯವು, ಕೂದಲಿಗೆ ಕೆಟ್ಟವು. ಎರಡು ಬಗೆಯವೂ ಇರಲಿ. ಒಂದೊಂದು ಪ್ರಭೇದಕ್ಕೂ ಗಂಡು, ಹೆಣ್ಣು ಎರಡೂ ಬೇಕು. ಒಂದೇ ಗಂಡಿನ ಮೇಲೆ ಕುಲ ಕಟ್ಟಿದವರು ಮುಂದೆ ಹೆಣ್ಣು ಸಿಕ್ಕಾಗ ಪೇಚಿಗೆ ಸಿಕ್ಕಿದ್ದುಂಟು.

ಗೋಡೆಯ ಮೇಲೆ ಕಣಜ ಕಟ್ಟಿದ ಮಣ್ಣುಗೂಡು ಕಂಡರೆ ಒಡೆದು ಬಿಸಾಡಬೇಡಿ. ಮೆಲ್ಲಗೆ ಬಿಡಿಸಿ ಗಾಜಿನ ಭರಣಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿ. ಕಣಜದ ಬದಲು ಆಂಥ್ರಾಕ್ಸ್ ಕುಲದ ಕಪ್ಪುನೊಣ ಹೊರಬರಬಹುದು. ಹೊರಬಂದ ತೂತಿನಲ್ಲಿ ಕೋಶದ (ಪ್ಯೂಪಾ) ಖಾಲಿ ಸಿಪ್ಪೆ ಅರ್ಧ ಚಾಚಿಕೊಂಡಿರುತ್ತದೆ. ಆ ಸಿಪ್ಪೆಯನ್ನೂ ನೊಣ ಚುಚ್ಚಿಟ್ಟ ಸೂಜಿಗೇ ಸೇರಿಸಿಡಿ. ಯಾವ ನೊಣ ಯಾರ ಮನೆ ಹಾಳು ಮಾಡುತ್ತದೆ ಎಂಬ ಮಾಹಿತಿ ಬರೀ ಬಲೆ ಬೀಸುವವರಿಗೆ ಸಿಗುವುದಿಲ್ಲ.

ಫೋಟೋ ಸಾಲದೇ ಎಂದು ಈಚೆಗೆ ಅನೇಕರು ಕೇಳುತ್ತಾರೆ. ದಕ್ಷಿಣ ಆಫ್ರಿಕದಲ್ಲಿ ಬಡಗಿಜೇನನ್ನು ಥೇಟ್ ಹೋಲುವ ಒಂದು ದುಂಬಿನೊಣವನ್ನು ಕೀಟತಜ್ಞರಾದ ಸ್ಟೀಫನ್ ಮಾರ್ಷಲ್ ಮತ್ತು ನೀಲ್ ಎವೆನ್‌ಹ್ಯೂಸ್ 2015ರಲ್ಲಿ ಬರೀ ಫೋಟೋ ಆಧರಿಸಿ ಹೊಸ ಪ್ರಭೇದವೆಂದು ಪ್ರಕಟಿಸಿದರು: ಮಾರ್ಲೆಯಿಮಿಯಾ ಝೈಲೋಕೋಪೆ. ದೊಡ್ಡ ಗಲಾಟೆಯೇ ಎದ್ದಿತು. ಮರುವರ್ಷ ಫೋಟೋ ಆಧಾರಿತ ವರ್ಗೀಕರಣದ ವಿರುದ್ಧ 493 ಮಂದಿ ಸಹಿ ಹಾಕಿ ಪತ್ರ ಪ್ರಕಟಿಸಿದರು. ನಿಯಮದ ಪ್ರಕಾರ ಆ ಹೆಸರು ಊರ್ಜಿತವೇ. ಆದರೆ ಅಲ್ಲಿ ಕುಲ ಹಳೆಯದು, ಪ್ರಭೇದ ಮಾತ್ರ ಹೊಸದು ಎಂಬುದನ್ನು ಗಮನಿಸಿ. ಕುಲವನ್ನೇ ಕಟ್ಟುವವರಿಗೆ ಫೋಟೋದಲ್ಲಿ ಕಾಣದ ಭಾಗಗಳೇ ಬೇಕಾಗುತ್ತವೆ.

2. ಹಳೆಯ ಕಡತ ಬಿಚ್ಚಿ

ಎವೆನ್‌ಹ್ಯೂಸ್ ಮತ್ತು ಡೇವಿಡ್ ಗ್ರೇಟ್‌ಹೆಡ್ 1999ರಲ್ಲಿ ತಂದ ವಿಶ್ವ ಕ್ಯಾಟಲಾಗ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವುದು ಖಾತೆ-ಪಹಣಿ ನೋಡದೆ ಸೈಟು ಕೊಂಡ ಹಾಗೆ. ಪ್ರಪಂಚದ ಕುಲಗಳನ್ನೆಲ್ಲ ಒಂದೆಡೆ ತಂದ ಫ್ರಾಂಕ್ ಹಲ್ ಅವರ 1973ರ ಗ್ರಂಥ ಇನ್ನೊಂದು ಆಧಾರ. ಭಾರತದ ನೊಣಗಳಿಗೆ ಎನ್ರಿಕೊ ಬ್ರುನೆಟ್ಟಿ 1920ರಲ್ಲಿ ಬರೆದ ಸಂಪುಟದಿಂದಲೇ ಇವತ್ತಿಗೂ ಶುರು ಮಾಡಬೇಕು. ಅದರಲ್ಲಿನ ಹೆಸರುಗಳಲ್ಲಿ ಬಹಳಷ್ಟು ಬದಲಾಗಿವೆ, ಆದ್ದರಿಂದ ಅದನ್ನೂ ಕ್ಯಾಟಲಾಗನ್ನೂ ಪಕ್ಕಪಕ್ಕ ತೆರೆದಿಟ್ಟು ಓದಿ.

ಓದುವಾಗ ಒಂದು ಪಟ್ಟಿ ಮಾಡಿಕೊಳ್ಳಿ. ನಿಮ್ಮ ನೊಣಕ್ಕೆ ಹತ್ತಿರವಿರುವ ಪ್ರತಿ ಕುಲದ ಟೈಪ್ ಪ್ರಭೇದ ಯಾವುದು? ಕುಲದ ಹೆಸರು ಅಂಟಿಕೊಂಡಿರುವುದು ಆ ಒಂದು ಪ್ರಭೇದಕ್ಕೆ. ಉಳಿದವೆಲ್ಲ ಬಿಡಾರ ಬದಲಿಸಬಹುದು, ಅದು ಬದಲಿಸಿದರೆ ಹೆಸರೂ ಅದರ ಹಿಂದೆಯೇ ಹೋಗುತ್ತದೆ. ನಿಮ್ಮ ‘ಹೊಸ’ ಗುಂಪಿನೊಳಗೆ ಯಾವುದೋ ಮರೆತುಹೋದ ಹಳೆಯ ಕುಲದ ಟೈಪ್ ಪ್ರಭೇದ ಕೂತಿದ್ದರೆ ಹೊಸ ಹೆಸರೇ ಬೇಡ. ಆ ಹಳೆಯದನ್ನೇ ಎಬ್ಬಿಸಬೇಕು. ಪರ್ಯಾಯ ಹೆಸರುಗಳ ಪಟ್ಟಿಯನ್ನು ಅದಕ್ಕೇ ಸಾಲುಸಾಲಾಗಿ ನೋಡಬೇಕು. ಬೇಜಾರಿನ ಕೆಲಸ. ಆದರೆ ಇಲ್ಲಿ ಒಂದು ವಾರ ಉಳಿಸಲು ಹೋದವರು ಆಮೇಲೆ ಕುಲವನ್ನೇ ಕಳೆದುಕೊಳ್ಳುತ್ತಾರೆ.

3. ಸೂಕ್ಷ್ಮದರ್ಶಕದ ಕೆಳಗೆ ಏನು ನೋಡಬೇಕು

ರೆಕ್ಕೆಯಿಂದ ಶುರು ಮಾಡಿ. ಆರ್2+3 ಎಂಬ ನರ ಎಲ್ಲಿ ಹುಟ್ಟುತ್ತದೆ? ಆರ್-ಎಂ ಅಡ್ಡನರದ ಹತ್ತಿರವೇ ಥಟ್ಟನೆ ಲಂಬಕೋನದಲ್ಲಿ ಎದ್ದರೆ ನೀವು ಆಂಥ್ರಾಸಿನೆ ಉಪಕುಟುಂಬದ ಅಂಗಳದಲ್ಲಿದ್ದೀರಿ. ಅದಕ್ಕಿಂತ ಬಹಳ ಹಿಂದೆ ಕಿರಿದಾದ ಕೋನದಲ್ಲಿ ಕವಲೊಡೆದರೆ ಬೇರೆ ಕಡೆ ಹುಡುಕಿ. ತಲೆಯನ್ನು ಹಿಂಬದಿಯಿಂದ ನೋಡಿ: ಕಣ್ಣಿನ ಹಿಂದಿನ ಅಂಚಿನಲ್ಲಿ ಕಚ್ಚು ಇದೆಯೇ, ತಲೆಯ ಹಿಂಭಾಗ ಬೋಗುಣಿಯಂತೆ ಒಳಗೆ ಕುಸಿದಿದೆಯೇ? ಮೀಸೆಯ (ಆಂಟೆನಾ) ತುದಿಗೆ ಹೋಗಿ: ಆಂಥ್ರಾಕ್ಸ್‌ನಲ್ಲಿ ಅಲ್ಲೊಂದು ಪುಟ್ಟ ಕುಂಚದಂತೆ ಕೂದಲಿನ ಜುಟ್ಟು ಇರುತ್ತದೆ. ಕಾಲಿನಲ್ಲಿ ಮುಳ್ಳುಗಳ ಸಾಲು, ಉಗುರಿನ ಬುಡದಲ್ಲಿ ಹಲ್ಲು, ಉಗುರುಗಳ ನಡುವಿನ ಮೆತ್ತೆ ಇವನ್ನೆಲ್ಲ ಬರೆದುಕೊಳ್ಳಿ.

ಇಲ್ಲಿ ನನ್ನದೊಂದು ಪೆದ್ದುತನ ಹೇಳಿಬಿಡುತ್ತೇನೆ. ದುಂಬಿನೊಣದ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಬ್‌ಮಾರ್ಜಿನಲ್ ಕೋಶಗಳೆಂಬ ಮನೆಗಳಿರುತ್ತವೆ. ವಿಲ್ಲಾ ಎಂಬ ಕುಲದಲ್ಲಿ ಎರಡು, ಎಕ್ಸೊಪ್ರೊಸೊಪದಲ್ಲಿ ಮೂರು, ಲಿಗೈರದಲ್ಲಿ ಸಾಮಾನ್ಯವಾಗಿ ನಾಲ್ಕು. ಹಳಬರು ಈ ಲೆಕ್ಕದ ಮೇಲೆಯೇ ಕುಲ ಬೇರ್ಪಡಿಸುತ್ತಿದ್ದರು. ಒಮ್ಮೆ ಎರಡು ಮನೆಯ ಗುಂಪಿಗೆ ಸೇರಬೇಕಾದ ನೊಣವೊಂದರ ರೆಕ್ಕೆಯಲ್ಲಿ ನನಗೆ ಸ್ಪಷ್ಟವಾಗಿ ಮೂರು ಕಂಡವು. ಬಲ ರೆಕ್ಕೆಯ ಫೋಟೋ ತೆಗೆದೆ, ಚಿತ್ರ ಬರೆದೆ, ಕುಲಕ್ಕೊಂದು ಹೆಸರನ್ನೂ ಮನಸ್ಸಿನಲ್ಲಿ ಇಟ್ಟಾಯಿತು. ನಾಲ್ಕನೇ ದಿನ ಸೂಜಿ ತಿರುಗಿಸಿದಾಗ ಎಡ ರೆಕ್ಕೆ ಬೆಳಕಿಗೆ ಬಂತು. ಅಲ್ಲಿ ಎರಡೇ ಮನೆ. ಬಲಗಡೆ ಒಂದು ಅಡ್ಡನರ ಹೆಚ್ಚಿಗೆ ಬೆಳೆದಿತ್ತು, ಅಷ್ಟೆ. ಕೈಯಲ್ಲಿ ಆರನೇ ಬೆರಳಿದ್ದವನನ್ನು ಬೇರೆ ಕುಲ ಅನ್ನಲು ಹೊರಟಿದ್ದೆ! ದುಂಬಿನೊಣಗಳ ರೆಕ್ಕೆಯಲ್ಲಿ ಇಂಥ ಹೆಚ್ಚು-ಕಮ್ಮಿ ಬಲು ಸಾಮಾನ್ಯ. ಅಂದಿನಿಂದ ಎರಡೂ ರೆಕ್ಕೆ, ಸಿಕ್ಕಷ್ಟೂ ನೊಣಗಳು ಎಂಬುದು ನನ್ನ ಪಾಲಿಗೆ ಶಾಸನ.

ಮುಖ್ಯ ಸಾಕ್ಷಿ ಹೊಟ್ಟೆಯ ತುದಿಯೊಳಗಿದೆ. ಗಂಡಿನ ಜನನಾಂಗ ನೋಡದೆ ಬರೆದ ಕುಲವನ್ನು ಇವತ್ತು ಯಾವ ಸಂಪಾದಕರೂ ಒಪ್ಪುವುದಿಲ್ಲ. ಹೊಟ್ಟೆಯ ತುದಿಯನ್ನು ಬಿಡಿಸಿ, 10 ಶೇಕಡಾ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನಲ್ಲಿ ಬಿಸಿ ಮಾಡಿ. ಸ್ನಾಯು ಕರಗಿ ಕಂದು ಚೌಕಟ್ಟು ಉಳಿಯುವಷ್ಟು ಸಾಕು. ಪಕ್ಕದಲ್ಲೇ ಕೂತಿರಿ, ‘ಈಗ ಬಂದೆ’ ಅಂತ ಫೋನ್ ಹಿಡಿದು ಎದ್ದುಹೋದ ನಾನು ವಾಪಸ್ ಬಂದಾಗ ಒಂದು ತುದಿ ಗಾಜಿನಂತೆ ಪಾರದರ್ಶಕವಾಗಿ, ಯಾವ ಭಾಗ ಎಲ್ಲಿ ಮುಗಿಯುತ್ತದೆ ಎಂದೇ ಕಾಣದಂತಾಗಿತ್ತು. ತೊಳೆದು ಗ್ಲಿಸರಿನ್‌ಗೆ ಹಾಕಿ, ಮೇಲಿನಿಂದ, ಪಕ್ಕದಿಂದ, ಹಿಂದಿನಿಂದ ಚಿತ್ರ ಬರೆಯಿರಿ. ಗೊನೊಕಾಕ್ಸೈಟ್, ಗೊನೊಸ್ಟೈಲಸ್, ಎಪಿಫ್ಯಾಲಸ್ ಎಂಬ ಜನನಾಂಗದ ಭಾಗಗಳ ಆಕಾರವೇ ನಿಮಗೆ ಬೇಕಾದದ್ದು. ಹೆಣ್ಣಿನಲ್ಲಿ ಮೊಟ್ಟೆಯಿಡುವ ತುದಿಯ ಮುಳ್ಳುಗಳು, ಮರಳುಚೀಲ, ವೀರ್ಯಕೋಶಗಳು. ಕೆಲಸ ಮುಗಿದ ಮೇಲೆ ಎಲ್ಲವೂ ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಯಲ್ಲಿ, ಅದೇ ನೊಣದ ಸೂಜಿಯ ಕೆಳಗೆ. ಬೇರೆ ಡಬ್ಬಿಯಲ್ಲಿಟ್ಟರೆ ಒಂದು ದಿನ ಅದಲುಬದಲಾಗುವುದು ಖಾತ್ರಿ.

4. ವಂಶದ ಮರ ಬರೆಯಿರಿ

ಭಿನ್ನವಾಗಿದೆ ಅನ್ನುವುದು ಕುಲಕ್ಕೆ ಕಾರಣವಾಗುವುದಿಲ್ಲ. ಕೂಡುಕುಟುಂಬದಲ್ಲಿ ಒಬ್ಬ ತಮ್ಮ ಮೀಸೆ ಬಿಟ್ಟು ಅಂಗಿ ಬದಲಿಸಿದ ಮಾತ್ರಕ್ಕೆ ಬೇರೆ ವಂಶವಾಗುತ್ತಾನೆಯೇ? ನಿಮ್ಮ ಗುಂಪಿನ ಸದಸ್ಯರೆಲ್ಲ ಒಂದೇ ಪೂರ್ವಜನಿಂದ ಬಂದವರು, ಆ ಪೂರ್ವಜನ ಸಂತತಿಯಲ್ಲಿ ಯಾರೂ ಹೊರಗುಳಿದಿಲ್ಲ ಎಂದು ತೋರಿಸಬೇಕು. ಅದನ್ನು ತೋರಿಸುವುದು ವಂಶದ ಮರ, ಮರ ಕಟ್ಟಲು ಲಕ್ಷಣಗಳ ಕೋಷ್ಟಕ ಬೇಕು: ಅಡ್ಡಸಾಲಿನಲ್ಲಿ ಪ್ರಭೇದಗಳು, ಉದ್ದಸಾಲಿನಲ್ಲಿ ಲಕ್ಷಣಗಳು, ಹೋಲಿಕೆಗೆ ಹೊರಗಿನ ಗುಂಪಿನ ಕೆಲವು ನೊಣಗಳು. ಡೇವಿಡ್ ಯೇಟ್ಸ್ 1994ರಲ್ಲಿ ಇಡೀ ಕುಟುಂಬಕ್ಕೆ ಇಂಥ ವಿಶ್ಲೇಷಣೆ ಮಾಡಿದ್ದಾರೆ. ಲಕ್ಷಣಗಳ ಪಟ್ಟಿಗೆ ಅಲ್ಲಿಂದಲೇ ಹೊರಡಬಹುದು. ಜೊತೆಗೆ ಒಂದು ಕಾಲಿನಿಂದ ಡಿಎನ್‌ಎ. ಸಿಒಐ ಬಾರ್‌ಕೋಡ್ ಎಂಬ ಜೀನ್ ತುಣುಕಿನ 658 ಅಕ್ಷರಗಳು ಪ್ರಭೇದ ಬೇರ್ಪಡಿಸಲು ಸರಿ, ಆದರೆ ಕುಲಗಳಷ್ಟು ಹಳೆಯ ಕವಲಿಗೆ ಅದೊಂದನ್ನೇ ನೆಚ್ಚಬೇಡಿ. 28ಎಸ್, ಸಿಎಡಿಯಂಥ ನಿಧಾನಕ್ಕೆ ಬದಲಾಗುವ ಜೀನ್‌ಗಳೂ ಇರಲಿ.

ಇದಕ್ಕೆ ನಾನು ಮಾದರಿಯಾಗಿ ತೋರಿಸುವುದು ಆಸ್ಟ್ರೇಲಿಯಾದ ಕೆಲಸ. ಅಲ್ಲಿನ ಅರೆಬರಡು ಸೀಮೆಯ ಎಕ್ಸೊಪ್ರೊಸೊಪಿನಿ ಬುಡಕಟ್ಟಿನ (ಹಲವು ಕುಲಗಳ ಗುಂಪು) ನೊಣಗಳನ್ನು ಕ್ರಿಸ್ಟೀನ್ ಲ್ಯಾಂಬ್‌ಕಿನ್, ಯೇಟ್ಸ್ ಮತ್ತು ಗ್ರೇಟ್‌ಹೆಡ್ 2003ರಲ್ಲಿ ಒಟ್ಟಾಗಿ ಕೈಗೆತ್ತಿಕೊಂಡರು. ಬಲಾನ, ಮುಂಜುವಾ ಮುಂತಾದ ಹಲವು ಹೊಸ ಕುಲಗಳು ಹುಟ್ಟಿದ್ದು ಅಲ್ಲಿ. ಒಂದು ವಿಚಿತ್ರ ನೊಣವನ್ನು ಹಿಡಿದು ಅದಕ್ಕೊಂದು ಗುಡಿಸಲು ಹಾಕಿಕೊಡಲಿಲ್ಲ; ಇಡೀ ಬೀದಿಯನ್ನೇ ಅಳೆದು, ಗೋಡೆ ಎಲ್ಲಿ ಬರಬೇಕೋ ಅಲ್ಲಿ ಎಳೆದರು.

ಮರ ಕೈಗೆ ಬಂದಾಗ ನೋಡಬೇಕಾದದ್ದು ನಿಮ್ಮ ಕೊಂಬೆಯೊಂದನ್ನೇ ಅಲ್ಲ, ಕಡಿದ ಜಾಗವನ್ನೂ. ನಿಮ್ಮ ಗುಂಪನ್ನು ಎತ್ತಿಕೊಂಡ ಮೇಲೆ ಹಳೆಯ ಕುಲದಲ್ಲಿ ಉಳಿದವು ಒಂದೇ ಕೊಂಬೆಯಾಗಿ ನಿಲ್ಲುತ್ತವೆಯೇ? ನಿಮ್ಮ ನೊಣಗಳು ಹಳೆಯ ಕುಲದ ಒಳಗೇ ಆಳದಲ್ಲಿ ಕೂತಿದ್ದರೆ, ಅವನ್ನು ಕಿತ್ತರೆ ಹಳೆಯದು ಚೂರುಚೂರು. ಆಗ ಎರಡೇ ದಾರಿ: ಹಳೆಯದನ್ನೂ ಇನ್ನಷ್ಟು ಕುಲಗಳಾಗಿ ಒಡೆಯಿರಿ, ಇಲ್ಲವೇ ನಿಮ್ಮದನ್ನು ಅಲ್ಲೇ ಬಿಡಿ. ಬಹಳ ಸಲ ಎರಡನೆಯದೇ ಸರಿ. ಒಂದೇ ಪ್ರಭೇದದ ಕುಲಕ್ಕೂ ನಾನು ಬೇಗ ಒಪ್ಪುವವನಲ್ಲ. ನಿಯಮ ಬೇಡ ಅನ್ನುವುದಿಲ್ಲ. ಆದರೆ ಮರದಲ್ಲಿ ಅದನ್ನು ಬೇರೆಲ್ಲೂ ಕೂರಿಸಲು ಆಗದಿದ್ದಾಗ ಮಾತ್ರ.

5. ವ್ಯಾಖ್ಯೆ ಬರೆಯುವುದು

ವ್ಯಾಖ್ಯೆ ಬೇರೆ, ವರ್ಣನೆ ಬೇರೆ. ವರ್ಣನೆ ತಲೆಯಿಂದ ತುದಿಯವರೆಗೆ ನೊಣ ಹೇಗಿದೆ ಎಂದು ಹೇಳುತ್ತದೆ. ವ್ಯಾಖ್ಯೆ ನಾಲ್ಕೈದು ಸಾಲಿನಲ್ಲಿ, ಇದು ಉಳಿದವುಗಳಿಂದ ಹೇಗೆ ಬೇರೆ ಎಂದು ಹೇಳುತ್ತದೆ. ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯ 13ನೇ ವಿಧಿಯ ಪ್ರಕಾರ 1930ರ ನಂತರ ಬರುವ ಹೆಸರಿಗೆ, ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಹೇಳಲೇಬೇಕು, ಚಿತ್ರವೊಂದೇ ಸಾಲದು.

ಕೆಟ್ಟ ವ್ಯಾಖ್ಯೆ ಹೀಗಿರುತ್ತದೆ: ‘ಮಧ್ಯಮ ಗಾತ್ರದ ಕಪ್ಪುನೊಣ, ರೆಕ್ಕೆಯಲ್ಲಿ ಕಂದು ಪಟ್ಟೆ, ಮೈಯಲ್ಲಿ ಕೂದಲು.’ ಇದು ನೂರಾರು ಪ್ರಭೇದಗಳಿಗೆ ಹೊಂದುತ್ತದೆ. ಕೆಲಸಕ್ಕೆ ಬರುವುದು ಹೀಗೆ: ‘ಆರ್2+3 ನರ ಅಡ್ಡನರದ ಎದುರೇ ಲಂಬವಾಗಿ ಹುಟ್ಟುವುದರಿಂದ ಮತ್ತು ಕಣ್ಣಿನ ಹಿಂದಿನ ಅಂಚಿನಲ್ಲಿ ಕಚ್ಚು ಇರುವುದರಿಂದ ಆಂಥ್ರಾಸಿನೆ. ಮೀಸೆಯ ತುದಿಯಲ್ಲಿ ಜುಟ್ಟು ಇಲ್ಲದಿರುವುದರಿಂದ ಆಂಥ್ರಾಕ್ಸ್ ಅಲ್ಲ. ಗೊನೊಸ್ಟೈಲಸ್ಸಿನ ತುದಿ ಎರಡಾಗಿ ಸೀಳಿರುವುದು ಹತ್ತಿರದ ಯಾವ ಕುಲದಲ್ಲೂ ಕಂಡಿಲ್ಲ.’ ಇದು ನಾನು ಉದಾಹರಣೆಗೆ ಕಟ್ಟಿದ್ದು, ನಿಜವಾದ ನೊಣವಲ್ಲ. ಮೊದಲ ವಾಕ್ಯ ಮನೆತನ ತೋರಿಸುತ್ತದೆ, ಎರಡನೆಯದು ನೆರೆಯವರಿಂದ ಬಿಡಿಸುತ್ತದೆ, ಮೂರನೆಯದು ಈ ಗುಂಪಿಗಷ್ಟೇ ಸೇರಿದ ಹೊಸ ಲಕ್ಷಣವನ್ನು ಮುಂದಿಡುತ್ತದೆ. ಆ ಮೂರನೆಯ ವಾಕ್ಯ ಬರೆಯಲು ಆಗದಿದ್ದರೆ ನಾಲ್ಕನೇ ಹೆಜ್ಜೆಗೆ ವಾಪಸ್ ಹೋಗಿ. ‘ಇಲ್ಲ, ಇಲ್ಲ, ಇಲ್ಲ’ ಎಂಬ ಲಕ್ಷಣಗಳನ್ನಷ್ಟೇ ಜೋಡಿಸಿದ ವ್ಯಾಖ್ಯೆಯಲ್ಲಿ ಸಾಮಾನ್ಯವಾಗಿ ಹಳೆಯ ಕುಲದ ಕಸವೆಲ್ಲ ಬಂದು ಸೇರಿರುತ್ತದೆ.

ಜೊತೆಗೆ ಹತ್ತಿರದ ಕುಲಗಳಿಗೆಲ್ಲ ಸೇರಿ ಒಂದು ಕೀ, ಅಂದರೆ ಲಕ್ಷಣ ನೋಡುತ್ತ ಹೆಜ್ಜೆಹೆಜ್ಜೆಗೆ ಹೆಸರು ಪತ್ತೆಹಚ್ಚುವ ಪಟ್ಟಿ, ಬರೆಯಿರಿ. ಬರೆದದ್ದನ್ನು ಈ ನೊಣ ಕಂಡೇ ಇರದ ಗೆಳೆಯರೊಬ್ಬರ ಕೈಗೆ, ಹೆಸರು ಮುಚ್ಚಿದ ಐದು ನೊಣಗಳ ಜೊತೆ ಕೊಟ್ಟು ಸುಮ್ಮನೆ ಕೂತು ನೋಡಿ. ಎಲ್ಲಿ ಅವರ ಹುಬ್ಬು ಗಂಟಿಕ್ಕುತ್ತದೋ ಆ ಸಾಲು ತಿದ್ದಬೇಕು.

6. ಹೆಸರು

ಯಾವ ಭಾಷೆಯ ಪದವಾದರೂ ಆದೀತು, ಅರ್ಥವಿಲ್ಲದ ಅಕ್ಷರಮಾಲೆಯೂ ಆದೀತು, ಆದರೆ ಬರೆಯುವುದು ಲ್ಯಾಟಿನ್ ಲಿಪಿಯಲ್ಲೇ. ಹಾಗಾಗಿ ನಾನಿಲ್ಲಿ ‘ದುಂಬಿಯಾ’ ಎಂದು ಕನ್ನಡದಲ್ಲಿ ಎಷ್ಟು ಸಲ ಬರೆದರೂ ಅಪ್ಪಿತಪ್ಪಿ ಒಂದು ಕುಲ ಹುಟ್ಟಿಬಿಡುವ ಭಯವಿಲ್ಲ.

ಮೊದಲು, ಹೆಸರು ಖಾಲಿ ಇದೆಯೇ ನೋಡಿ. ನೊಣಗಳಲ್ಲಿ ಮಾತ್ರವಲ್ಲ, ಇಡೀ ಪ್ರಾಣಿಲೋಕದಲ್ಲಿ. 1799ರಲ್ಲಿ ಜಾರ್ಜ್ ಶಾ ಆಸ್ಟ್ರೇಲಿಯಾದ ಬಾತುಕೊಕ್ಕಿನ ಪ್ರಾಣಿಗೆ ಪ್ಲಾಟಿಪಸ್ ಎಂದು ಕುಲನಾಮ ಕೊಟ್ಟರು. 1793ರಲ್ಲೇ ಹರ್ಬ್‌ಸ್ಟ್ ಅದನ್ನು ಮರ ಕೊರೆಯುವ ಒಂದು ಜೀರುಂಡೆಗೆ ಇಟ್ಟಾಗಿತ್ತು. ಹೆಸರು ಜೀರುಂಡೆಗೇ ಉಳಿಯಿತು, ಪಾಪದ ಪ್ರಾಣಿ ಆರ್ನಿಥೊರಿಂಕಸ್ ಆಯಿತು. ಒಂದು ಅಕ್ಷರದ ವ್ಯತ್ಯಾಸವಿದ್ದರೂ ಕುಲನಾಮಗಳು ಬೇರೆ ಎಂದೇ ಲೆಕ್ಕ. ಗಿಡಗಳ ಜಗಳ ನಮಗೆ ಬೇಡ, ಅವುಗಳ ಸಂಹಿತೆಯೇ ಬೇರೆ.

ಆಮೇಲೆ ಲಿಂಗ ಹೇಳಿ. ಪ್ರಭೇದದ ಹೆಸರು ಲ್ಯಾಟಿನ್ ಗುಣವಾಚಕವಾಗಿದ್ದರೆ ಕುಲದ ಲಿಂಗಕ್ಕೆ ತಕ್ಕಂತೆ ಬಾಲ ಬದಲಿಸುತ್ತದೆ: ಪುಲ್ಲಿಂಗದ ಕುಲದಲ್ಲಿ ‘ಆಲ್ಬಸ್’ ಆಗಿದ್ದದ್ದು ಸ್ತ್ರೀಲಿಂಗದ ಕುಲಕ್ಕೆ ಬಂದರೆ ‘ಆಲ್ಬಾ’. ನೀವು ಹೇಳದಿದ್ದರೆ ಕೊನೆಯ ಅಕ್ಷರ ನೋಡಿ ಸಂಹಿತೆಯೇ ತೀರ್ಮಾನಿಸುತ್ತದೆ.

ಟೈಪ್ ಪ್ರಭೇದವನ್ನು ಮರೆಯಲೇಬೇಡಿ. 1930ರ ನಂತರದ ಕುಲನಾಮಕ್ಕೆ ಅದನ್ನು ಗೊತ್ತುಮಾಡದಿದ್ದರೆ ಹೆಸರು ಹುಟ್ಟಿದಂತೆಯೇ ಅಲ್ಲ. ಚೆನ್ನಾಗಿ ಗೊತ್ತಿರುವ, ಗಂಡು-ಹೆಣ್ಣು ಎರಡೂ ಸಿಕ್ಕಿರುವ ಪ್ರಭೇದವನ್ನು ಆರಿಸಿ. ಹರಿದ ಒಂದೇ ಹಳೆಯ ನೊಣದ ಮೇಲೆ ನಿಂತ ಪ್ರಭೇದ ಬೇಡ. ಹೊಸ ಕುಲ ಎಂಬ ಸೂಚನೆಯೂ ಹೆಸರಿನ ಪಕ್ಕದಲ್ಲಿ ಸ್ಪಷ್ಟವಾಗಿ ಇರಲಿ.

ತಮಾಷೆಗೂ ಜಾಗವಿದೆ. ಎವೆನ್‌ಹ್ಯೂಸ್ 1985ರಲ್ಲಿ ಫ್ಥೈರಿಯಾ ಕುಲದ ಒಂದು ನೊಣಕ್ಕೆ ‘ರಿಲೇಟಿವಿಟೆ’ ಎಂದಿಟ್ಟರು. ‘ಫ್ಥೈರಿಯಾ ರಿಲೇಟಿವಿಟೆ’ ಎಂದು ಬೇಗಬೇಗ ಹೇಳಿ ನೋಡಿ, ಐನ್‌ಸ್ಟೈನ್ ನೆನಪಾಗುತ್ತಾರೆ. ಆಮೇಲೆ ಆ ನೊಣ ಬೇರೆ ಕುಲಕ್ಕೆ ವರ್ಗವಾಗಿ ‘ಪೋಸಿಲೊಗ್ನಾಥಸ್ ರಿಲೇಟಿವಿಟೆ (ಎವೆನ್‌ಹ್ಯೂಸ್, 1985)’ ಆಯಿತು, ಶ್ಲೇಷೆ ಸತ್ತಿತು. ಆ ಆವರಣ ಚಿಹ್ನೆ ಗಮನಿಸಿದಿರಾ? ಪ್ರಭೇದ ಮೂಲ ಕುಲ ಬಿಟ್ಟು ಬಂದಿದೆ ಎಂಬ ಗುರುತು ಅದು. ನಿಮ್ಮ ಹೊಸ ಕುಲಕ್ಕೆ ತರುವ ಪ್ರತಿ ಹಳೆಯ ಪ್ರಭೇದಕ್ಕೂ ಅದನ್ನು ಹಾಕಬೇಕು, ಹೊಸ ಜೋಡಿ ಎಂದು ಪಟ್ಟಿಯಲ್ಲಿ ನಮೂದಿಸಬೇಕು.

7. ಪ್ರಕಟಣೆ ಮತ್ತು ಆಮೇಲೆ

ಪತ್ರಿಕೆ ಆನ್‌ಲೈನ್ ಮಾತ್ರವಾಗಿದ್ದರೆ ಪ್ರಕಟಣೆಗೂ ಮುಂಚೆ ಪ್ರಾಣಿಗಳ ಹೆಸರಿನ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿ, ಆ ನೋಂದಣಿ ಲೇಖನದೊಳಗೇ ಕಾಣಬೇಕು. ಸಮ್ಮೇಳನದ ಪೋಸ್ಟರಿನಲ್ಲಿ, ಫೇಸ್‌ಬುಕ್ಕಿನಲ್ಲಿ ಹೆಸರನ್ನು ಮೊದಲೇ ಬಿಟ್ಟುಕೊಡಬೇಡಿ. ಪ್ರೂಫ್ ಬಂದಾಗ ಕುಲನಾಮ ಬರುವ ಪ್ರತಿ ಜಾಗವನ್ನೂ ಅಕ್ಷರ ಅಕ್ಷರ ಓದಿ. ಒಂದೇ ಲೇಖನದಲ್ಲಿ ಎರಡು ಕಾಗುಣಿತ ಬಂದರೆ ಯಾವುದು ಸರಿ ಎಂದು ಮುಂದೆ ಬೇರೊಬ್ಬರು ತೀರ್ಮಾನಿಸಬೇಕಾಗುತ್ತದೆ.

ನೊಣ ಭಾರತದ್ದಾದರೆ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮು ನೆನಪಿರಲಿ: ಹೊಸದಾಗಿ ಕಂಡ ಜೀವಿಯ ವಿಷಯವನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿಡಬೇಕು. ಪ್ರಾಣಿಗಳ ಮಟ್ಟಿಗೆ ಕೋಲ್ಕತ್ತದ ಝೂಲಾಜಿಕಲ್ ಸರ್ವೆ ಆಫ್ ಇಂಡಿಯಾ ಅಂಥ ಒಂದು ಭಂಡಾರ. ಸಂರಕ್ಷಿತ ಕಾಡಿನೊಳಗೆ ಬಲೆ ಬೀಸುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಪತ್ರ ಮೊದಲು, ಬಲೆ ಆಮೇಲೆ. ಪ್ರಭೇದದ ಹೆಸರು ಹೊತ್ತ ಆ ಒಂದು ಮೂಲ ಮಾದರಿಗೆ, ಅಂದರೆ ಹೋಲೋಟೈಪಿಗೆ, ಕೆಂಪು ಚೀಟಿ ಹಾಕಿ. ಅದು ಸ್ವಂತ ಬೀರುವಿನಲ್ಲಿ ಇರುವ ವಸ್ತುವಲ್ಲ.

ಎಲ್ಲ ಮುಗಿದು ಆರು ತಿಂಗಳಿಗೆ ಒಂದು ಇ-ಮೇಲ್ ಬರಬಹುದು: ನಿಮ್ಮ ಕುಲನಾಮವನ್ನು ನೂರು ವರ್ಷದ ಹಿಂದೆಯೇ ಯಾರೋ ಒಂದು ಬಸವನಹುಳುವಿಗೆ ಇಟ್ಟಿದ್ದಾರೆ ಎಂದು. ಬರೆದವರು ತಾವೇ ಬದಲಿ ಹೆಸರು ಪ್ರಕಟಿಸದೆ ನಿಮಗೆ ಮೊದಲು ತಿಳಿಸಿದ್ದಾರೆ, ಅದು ಈ ವೃತ್ತಿಯ ಮರ್ಯಾದೆ. ಥ್ಯಾಂಕ್ಸ್ ಹೇಳಿ, ಬದಲಿ ಹೆಸರು ಹುಡುಕಿ, ಒಂದು ಪುಟದ ಟಿಪ್ಪಣಿ ಕಳಿಸಿ. ಟೈಪ್ ಪ್ರಭೇದ ಅದೇ ಇರುತ್ತದೆ, ವ್ಯಾಖ್ಯೆಯೂ ಅದೇ. ಲಿಂಗ ಬದಲಾದರೆ ಮಾತ್ರ ಪ್ರಭೇದಗಳ ಬಾಲವನ್ನು ಇನ್ನೊಮ್ಮೆ ನೋಡಿಕೊಳ್ಳಿ.